ಟೀಮಿನ ಮುಖ್ಯ ಹುಡುಗ ಬಿಟ್ಟು ಹೋದ, ಶೆಡ್ಡಿಗೆ ಯಾರೂ ಬರುತ್ತಿಲ್ಲ. ಏನು ಮಾಡಲಿ?

ಬಿಸಿಲ ನಾಡು · ಸೋಮವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಬಾಹಾ ಟೀಮಿಗೆ ನಾನು ಕ್ಯಾಪ್ಟನ್. ಗೊತ್ತಿಲ್ಲದವರಿಗೆ ಹೇಳ್ತೀನಿ. ಬಾಹಾ ಅಂದ್ರೆ ವಿದ್ಯಾರ್ಥಿಗಳೇ ಡಿಸೈನ್ ಮಾಡಿ, ಪೈಪ್ ಕತ್ತರಿಸಿ, ವೆಲ್ಡ್ ಮಾಡಿ ಕಟ್ಟುವ ಒಂದು ಸೀಟಿನ ಗಾಡಿ. ಕಲ್ಲು, ಗುಂಡಿ, ಕೆಸರು, ಎಲ್ಲದರ ಮೇಲೂ ಓಡಬೇಕು. ನಮ್ಮದು 305 ಸಿಸಿ, 10 ಎಚ್‌ಪಿ ಎಂಜಿನ್. ಇಂದೋರ್ ಹತ್ತಿರದ ಪೀಥಂಪುರದಲ್ಲಿ ನಡೆಯೋ ಸ್ಪರ್ಧೆಯ ಕೊನೆಯ ದಿನ ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟ ಇರುತ್ತೆ. ಅಲ್ಲಿವರೆಗೂ ಗಾಡಿ ಉಳಿದರೆ ಅರ್ಧ ಗೆದ್ದಂಗೆ.

ನಮ್ಮ ಸಸ್ಪೆನ್ಷನ್ ಹೆಡ್ ಹೋದ ವಾರ ಟೀಮ್ ಬಿಟ್ಟ. ಪುಣೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಸಿಕ್ಕಿದ್ದಕ್ಕೆ ಖುಷಿ ಇದೆ. ಆದರೆ ನಮ್ಮ ಗೈಡ್ ಸರ್‌ಗೆ ಹದಿನೈದು ದಿನ ಮೊದಲೇ ಹೇಳಿದ್ದಾನೆ, ನಮಗೆ ಹೇಳಿಲ್ಲ. ರೈಲು ಹತ್ತಿದ ಮೇಲೆ ಸ್ಟೇಟಸ್ ನೋಡಿ ಗೊತ್ತಾಯ್ತು.

ಈಗ ಕಥೆ ಏನಂದ್ರೆ, ಸಂಜೆ ಶೆಡ್ಡಿಗೆ 22 ಜನ ಬರ್ತಿದ್ದ ಕಡೆ 9 ಜನ ಬರ್ತಿದ್ದಾರೆ. ವೆಲ್ಡಿಂಗ್ ಮಾಡೋ ಹುಡುಗ ಮೈ ಹುಷಾರಿಲ್ಲ ಅಂತಾನೆ, ಸಂಜೆ ನೋಡಿದರೆ ಕ್ರಿಕೆಟ್ ಆಡ್ತಿರ್ತಾನೆ. ಎರಡನೇ ವರ್ಷದವರು ಬಂದು ಸುಮ್ನೆ ಕೂತು ಫೋನ್ ನೋಡ್ತಾರೆ. ಇನ್ನು ಹತ್ತು ವಾರ ಇದೆ. ಫಾರ್ಮುಲಾ ವನ್ (ಎಫ್1) ಕಾರ್ ರೇಸಿನ ರೆಡ್ ಬುಲ್ ಟೀಮನ್ನ ಅದರ ದೊಡ್ಡ ಡಿಸೈನರ್ ನ್ಯೂವಿ ಬಿಟ್ಟಾಗ ಆದದ್ದೇ ನಮಗೂ ಆಗ್ತಿದೆ ಅನ್ನಿಸ್ತಿದೆ. ದೊಡ್ಡ ಟೀಮುಗಳು ಇದನ್ನ ಹೇಗೆ ತಡ್ಕೋತವೆ? ಗೊತ್ತಿದ್ದವರು ಹೇಳಿ.

---

ಬೀದರ್ ಬಾಕ್ಸ್ ಬಾಕ್ಸ್ · ಸೋಮವಾರ, ರಾತ್ರಿ 11:52

ತಮ್ಮಾ, ರೆಡ್ ಬುಲ್ ಹೆಸರು ತೆಗೆದಿ, ಇನ್ನು ನನ್ನ ಬಾಯಿ ಮುಚ್ಚೋದಿಲ್ಲ.

ಮೊದಲು ತಾರೀಖು ನೋಡು. 2023ರಲ್ಲಿ 22 ರೇಸಿನಲ್ಲಿ 21 ಗೆದ್ದ ಟೀಮ್ ಅದು. 2024ರ ಮೇ 1ಕ್ಕೆ ಏಡ್ರಿಯನ್ ನ್ಯೂವಿ ಬಿಡ್ತಾರೆ ಅಂತ ಘೋಷಣೆ ಆಯ್ತು. ಆ ವರ್ಷದ ಮೊದಲ 10 ರೇಸಿನಲ್ಲಿ ಅವರ ಡ್ರೈವರ್ ವೆರ್‌ಸ್ಟಾಪನ್ 7 ಗೆದ್ದಿದ್ದ. ಆಮೇಲೆ ಹತ್ತು ರೇಸ್ ಒಂದೂ ಇಲ್ಲ. ನವೆಂಬರ್‌ನಲ್ಲಿ ಬ್ರೆಜಿಲ್ ಮಳೆಯಲ್ಲಿ 17ನೇ ಜಾಗದಿಂದ ಎದ್ದು ಬಂದು ಗೆದ್ದಾಗಲೇ ಉಸಿರು ಬಂತು. ಚಾಂಪಿಯನ್ ಅವನೇ ಆದ, ಆದರೆ ಟೀಮ್ ಮೂರನೇ ಜಾಗಕ್ಕೆ ಇಳಿಯಿತು.

ನ್ಯೂವಿ ಒಬ್ಬರೇ ಹೋಗಿದ್ದಲ್ಲ. ಡಿಸೈನ್ ಮುಖ್ಯಸ್ಥ ರಾಬ್ ಮಾರ್ಷಲ್ ಮೊದಲೇ ಎದುರಾಳಿ ಟೀಮ್ ಮೆಕ್‌ಲಾರೆನ್‌ಗೆ ಹೋದರು. ಪಿಟ್ ಕೆಲಸ ಪೂರ್ತಿ ನೋಡಿಕೊಳ್ಳುತ್ತಿದ್ದ ಜೊನಾಥನ್ ವೀಟ್ಲಿ ಸೌಬರ್ ಟೀಮಿಗೆ ಹೊರಟರು. ಸ್ಟ್ರಾಟೆಜಿ ಮುಖ್ಯಸ್ಥ ವಿಲ್ ಕೋರ್ಟ್‌ನಿ ಮೆಕ್‌ಲಾರೆನ್‌ಗೆ ಅಂತ ಸುದ್ದಿ ಬಂತು. ಮೊದಲನೆಯವರು ಹೋದಾಗ ಜನ 'ಸರಿ, ಅವರಿಗೆ ಬೇರೆ ಆಸೆ ಇತ್ತು' ಅಂತಾರೆ. ಎರಡನೆಯವರು ಹೋದಾಗ ಒಬ್ಬರ ಮುಖ ಒಬ್ಬರು ನೋಡ್ತಾರೆ. ಮೂರನೆಯವರು ಹೋದ ದಿನ ಉಳಿದವರು ತಮ್ಮ ಬಯೋಡೇಟಾ ತೆಗೆದು ಧೂಳು ಒರೆಸ್ತಾರೆ. ನೀನು ಹೆದರಬೇಕಾದ್ದು ಆ ವೆಲ್ಡಿಂಗ್ ಹುಡುಗನಿಗೆ, ಹೋದವನಿಗಲ್ಲ.

---

ಸುಮ್ನೆ ಓದುವವ · ಮಂಗಳವಾರ, ಬೆಳಿಗ್ಗೆ 7:05

ಮನಸ್ಸು, ಗಿನಸ್ಸು ಎಲ್ಲ ಸುಳ್ಳು. ದುಡ್ಡು ಮತ್ತು ನಿಯಮ, ಅಷ್ಟೇ.

ಎಫ್1ನಲ್ಲಿ ಗೆದ್ದವರಿಗೆ ವಿಂಡ್ ಟನಲ್ (ಗಾಳಿ ಬಿಟ್ಟು ಗಾಡಿಯ ಆಕಾರ ಪರೀಕ್ಷಿಸೋ ಸುರಂಗ) ಸಮಯ ಕಡಿಮೆ ಕೊಡ್ತಾರೆ. ಮೊದಲ ಸ್ಥಾನದವರಿಗೆ 70 ಪರ್ಸೆಂಟ್, ಹತ್ತನೆಯವರಿಗೆ 115. ಮೂರು ವರ್ಷ ಗೆದ್ದರೆ ಹಿಂದಿನವರು ಹಿಡಿದೇ ಹಿಡೀತಾರೆ. ನ್ಯೂವಿ ಇದ್ದಿದ್ರೂ ಹಿಡೀತಿದ್ರು. ಮಾರ್ಷಲ್ ಮೆಕ್‌ಲಾರೆನ್‌ಗೆ ಸೇರಿದ್ದು 2024ರ ಜನವರಿಗೆ. ಮೆಕ್‌ಲಾರೆನ್ ಮೇಲೆದ್ದದ್ದು 2023ರ ಜುಲೈನಿಂದ. ಅವರು ಬರೋಕೆ ಮೊದಲೇ! ನೀವೆಲ್ಲ ತಾರೀಖು ಪಕ್ಕ ಪಕ್ಕ ಇಟ್ಟು ಕಾರಣ ಅಂತ ಹೇಳ್ತೀರಿ.

---

ಬೀದರ್ ಬಾಕ್ಸ್ ಬಾಕ್ಸ್ · ಮಂಗಳವಾರ, ಬೆಳಿಗ್ಗೆ 7:31

ಮಾರ್ಷಲ್ ವಿಷಯ ಒಪ್ಪಿದೆ. ಅದು ನಂಗೂ ಗೊತ್ತಿತ್ತು, ಬಿಟ್ಟು ಹೇಳಿದೆ, ತಪ್ಪಾಯ್ತು. ಆದರೆ ದುಡ್ಡು ಅಂದ್ರಲ್ಲ, ಅದರಲ್ಲೇ ಮನಸ್ಸಿನ ವಿಷಯ ಇದೆ ನೋಡಿ. ಖರ್ಚಿನ ಮಿತಿ 2021ರಲ್ಲಿ ಬಂತು. ಡ್ರೈವರ್‌ಗಳ ಸಂಬಳ, ಜೊತೆಗೆ ಅತಿ ಜಾಸ್ತಿ ಸಂಬಳದ ಮೂವರದ್ದು ಆ ಲೆಕ್ಕಕ್ಕೆ ಬರೋದಿಲ್ಲ. ಸ್ಪ್ಯಾನರ್ ಹಿಡಿಯುವವನ ಸಂಬಳ ಬರುತ್ತೆ. ಮೇಲಿನವರಿಗೆ ಎಷ್ಟು ಬೇಕಾದ್ರೂ ಕೊಡಬಹುದು, ಕೆಳಗಿನವನಿಗೆ ನಾಲ್ಕು ಕಾಸು ಏರಿಸಬೇಕಂದ್ರೆ ಗಾಡಿಯ ರೆಕ್ಕೆಯಿಂದ ಕಿತ್ತು ಕೊಡಬೇಕು. ವರ್ಷಕ್ಕೆ 24 ರೇಸ್ ತಿರುಗೋ ಮೆಕಾನಿಕ್‌ಗೆ ಇದು ಗೊತ್ತಾಗಲ್ವಾ?

---

ಸೇಡಂ ರೋಡ್ ಗ್ಯಾರೇಜ್ · ಮಂಗಳವಾರ, ಮಧ್ಯಾಹ್ನ 2:10

ಊಟದ ಹೊತ್ತಿನಲ್ಲಿ ಬರೀತಿದ್ದೀನಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಎಫ್1 ನಂಗೆ ಅಷ್ಟು ಗೊತ್ತಿಲ್ಲ. ಇಪ್ಪತ್ತಾರು ವರ್ಷದಿಂದ ಗಾಡಿ ಬಿಚ್ತಿದ್ದೀನಿ.

ನನ್ನ ಹತ್ತಿರ ಒಬ್ಬ ಹುಡುಗ ಇದ್ದ. ಬುಲೆಟ್ ಶಬ್ದ ಕೇಳಿ ಟ್ಯಾಪೆಟ್ ಯಾವ ಕಡೆ ಸಡಿಲ ಅಂತ ಹೇಳ್ತಿದ್ದ. ರಿಂಗ್ ರೋಡಿನಲ್ಲಿ ಸ್ವಂತ ಅಂಗಡಿ ಹಾಕಿದ. ಹೋದ ದಿನವೇ ಉಳಿದ ಇಬ್ಬರು ಹುಡುಗರು ಕೆಲಸ ನಿಧಾನ ಮಾಡಿದರು. ನಾನು ಬೈದೆ. ಇನ್ನೂ ನಿಧಾನ ಆಯ್ತು. ಆಮೇಲೆ ಒಬ್ಬನ ಅಮ್ಮ ಹೇಳಿದಳು, 'ಉಸ್ತಾದ್, ಇವನಿಗೆ ಕಾರ್ಬೊರೇಟರ್ ಮುಟ್ಟೋಕೆ ಭಯ. ಕೆಟ್ಟರೆ ನೀವು ಆ ಹುಡುಗನ ಹೆಸರು ಹೇಳಿ ಹೋಲಿಸ್ತೀರಿ ಅಂತ.' ನಾನು ದಿನಕ್ಕೆ ಹತ್ತು ಸಲ ಅವನ ಹೆಸರು ಹೇಳ್ತಿದ್ದೆನಂತೆ. ನಂಗೆ ಗೊತ್ತೇ ಇರಲಿಲ್ಲ.

ಅವತ್ತಿನಿಂದ ಹೆಸರು ಬಿಟ್ಟೆ. ಕಾರ್ಬೊರೇಟರ್ ಬಿಚ್ಚಿ ಅವನ ಕೈಗೆ ಕೊಟ್ಟು ಚಹಾ ಕುಡಿಯೋಕೆ ಹೊರಗೆ ಹೋಗ್ತಿದ್ದೆ. ಮೂರು ಜೆಟ್ ಹಾಳು ಮಾಡಿದ. ಹೋಗ್ಲಿ ಬಿಡಿ. ಈಗ ಅವನೇ ದೊಡ್ಡ ಮೇಸ್ತ್ರಿ.

---

ತೊಗರಿಬೇಳೆ · ಮಂಗಳವಾರ, ಸಂಜೆ 6:45

ಗ್ಯಾರೇಜ್ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಇಲ್ಲೇ ಒಂದು ದಾಲ್ ಮಿಲ್ಲಿನಲ್ಲಿ ಮ್ಯಾನೇಜರ್. ರೇಸಿಗೂ ಬೇಳೆಗೂ ಏನು ಸಂಬಂಧ ಅನ್ನಬೇಡಿ.

ತೊಗರಿಗೆ ಎಣ್ಣೆ ಹಚ್ಚಿ, ಒಣಗಿಸಿ, ರೋಲರ್‌ಗೆ ಬಿಟ್ಟು ಸಿಪ್ಪೆ ತೆಗೀತೀವಿ. ರೋಲರ್ ಗ್ಯಾಪ್ ಸ್ವಲ್ಪ ಬಿಗಿಯಾದ್ರೆ ಬೇಳೆ ಒಡೆದು ನುಚ್ಚಾಗುತ್ತೆ, ಸಡಿಲ ಆದ್ರೆ ಸಿಪ್ಪೆ ಉಳಿಯುತ್ತೆ. ನಮ್ಮ ಹಳೇ ಮಿಸ್ತ್ರಿ ಕಾಳು ಕಚ್ಚಿ ನೋಡಿ ಗ್ಯಾಪ್ ಇಡ್ತಿದ್ದ. ಲಾತೂರಿನ ಮಿಲ್ಲಿನವರು ಜಾಸ್ತಿ ಸಂಬಳ ಕೊಟ್ಟು ಕರೆದುಕೊಂಡು ಹೋದರು. ತಮಾಷೆ ಏನಂದ್ರೆ ಮೊದಲ ತಿಂಗಳು ಏನೂ ಆಗಲಿಲ್ಲ. ಅವನು ಇಟ್ಟುಹೋದ ಗ್ಯಾಪ್‌ನಲ್ಲೇ ಓಡ್ತಿತ್ತು. ಮಾಲೀಕರು 'ನೋಡು, ಅವನಿಲ್ಲದಿದ್ರೂ ನಡೀತದ' ಅಂತ ಮೀಸೆ ತಿರುವಿದರು. ಹೊಸ ತೊಗರಿ ಬಂತು, ತೇವ ಬೇರೆ, ಕಾಳಿನ ಗಾತ್ರ ಬೇರೆ. ಆವಾಗ ಗೊತ್ತಾಯ್ತು.

ರೇಸ್ ಟೀಮಿನಲ್ಲೂ ಹೀಗೇ ಇರಬೇಕಲ್ವಾ? ಹೋದವನು ಮಾಡಿಟ್ಟ ಗಾಡಿ ಒಂದು ವರ್ಷ ಓಡುತ್ತೆ.

---

ಬೀದರ್ ಬಾಕ್ಸ್ ಬಾಕ್ಸ್ · ಮಂಗಳವಾರ, ರಾತ್ರಿ 9:15

ತೊಗರಿ ಅಣ್ಣಾ, ನೀವು ಎಫ್1 ನೋಡ್ದೇನೇ ವಿಲಿಯಮ್ಸ್ ಟೀಮಿನ ಕಥೆ ಹೇಳಿಬಿಟ್ರಿ!

ಇದೇ ನ್ಯೂವಿ 1996ರಲ್ಲಿ ವಿಲಿಯಮ್ಸ್‌ನಲ್ಲಿದ್ದರು. ಬಿಟ್ಟು 1997ರಲ್ಲಿ ಮೆಕ್‌ಲಾರೆನ್ ಸೇರಿದರು. ಆ ವರ್ಷ ವಿಲಿಯಮ್ಸ್ ಎರಡೂ ಚಾಂಪಿಯನ್‌ಷಿಪ್ ಗೆದ್ದಿತು. ಮೀಸೆ ತಿರುವೋ ಕಾಲ. 1998ರಲ್ಲಿ ಮೆಕ್‌ಲಾರೆನ್ ಗೆದ್ದಿತು. ವಿಲಿಯಮ್ಸ್ ಅವತ್ತಿನಿಂದ ಇವತ್ತಿನವರೆಗೂ ಒಂದು ಚಾಂಪಿಯನ್‌ಷಿಪ್ ಗೆದ್ದಿಲ್ಲ. (ಸುಮ್ನೆ ಓದುವವರು ಬರೋ ಮೊದಲೇ ನಾನೇ ಹೇಳಿಬಿಡ್ತೀನಿ: 1997ರ ಕೊನೆಗೆ ರೆನೋ ಎಂಜಿನ್ ಕಂಪನಿಯೂ ಹೋಯ್ತು. ಅದೂ ಕಾರಣ.)

ಫೆರಾರಿ ಕಥೆ ಇನ್ನೂ ಮಸ್ತ್, ಕೇಳಿ. 2006ರ ಕೊನೆಗೆ ಅವರ ಡ್ರೈವರ್ ಶೂಮಾಕರ್ ರೇಸ್ ಬಿಟ್ಟ, ಟೆಕ್ನಿಕಲ್ ಮುಖ್ಯಸ್ಥ ರಾಸ್ ಬ್ರಾನ್ ಕೂಡ ಹೋದರು. 2007ರಲ್ಲಿ ಫೆರಾರಿಯ ರೈಕೊನೆನ್ ಒಂದೇ ಒಂದು ಪಾಯಿಂಟಿನಿಂದ ಚಾಂಪಿಯನ್ ಆದ. ಹೊರಗಿಂದ ನೋಡಿದ್ರೆ ಎಲ್ಲ ಸರಿ ಇತ್ತು. ಒಳಗೆ? ನೈಜೆಲ್ ಸ್ಟೆಪ್ನಿ ಅಂತ ಒಬ್ಬರು, ಶೂಮಾಕರ್ ಕಾಲದ ಮುಖ್ಯ ಮೆಕಾನಿಕ್. ಬ್ರಾನ್ ಹೋದ ಮೇಲೆ ಆದ ಹೊಸ ವ್ಯವಸ್ಥೆ ಅವರಿಗೆ ಹಿಡಿಸಲಿಲ್ಲ. ಅದನ್ನ ಬಾಯಿ ಬಿಟ್ಟೇ ಹೇಳಿದ್ದರು. ಕೆಲವೇ ತಿಂಗಳಲ್ಲಿ ಫೆರಾರಿಯ 780 ಪುಟದ ದಾಖಲೆ ಮೆಕ್‌ಲಾರೆನ್‌ನ ಡಿಸೈನರ್ ಮನೆಯಲ್ಲಿ ಸಿಕ್ಕಿತು. ಹೇಗೆ ಸಿಕ್ಕಿಬಿತ್ತು ಗೊತ್ತಾ? ಆ ಡಿಸೈನರ್‌ನ ಹೆಂಡತಿ ಕಾಪಿ ಮಾಡಿಸೋಕೆ ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದರು, ಅಂಗಡಿಯವನಿಗೆ ಅನುಮಾನ ಬಂದು ಫೆರಾರಿಗೇ ಇಮೇಲ್ ಮಾಡಿದ! ನಮ್ಮ ಸೂಪರ್ ಮಾರ್ಕೆಟಿನ ಜೆರಾಕ್ಸ್ ಅಂಗಡಿಯವರು ಓದಿಯೂ ನೋಡಲ್ಲ. ಮೆಕ್‌ಲಾರೆನ್‌ಗೆ 10 ಕೋಟಿ ಡಾಲರ್ ದಂಡ ಬಿತ್ತು, ಆ ವರ್ಷದ ಟೀಮ್ ಪಾಯಿಂಟ್ ಎಲ್ಲ ಹೋಯ್ತು. ಸ್ಟೆಪ್ನಿ ತಪ್ಪು ಮಾಡಿಲ್ಲ ಅಂತಲೇ ಹೇಳ್ತಿದ್ದರು, ಫೆರಾರಿ ಕೆಲಸದಿಂದ ತೆಗೆಯಿತು.

ದೊಡ್ಡವನು ಹೋದಾಗ ಎಲ್ಲರೂ ಖಾಲಿ ಕುರ್ಚಿ ನೋಡ್ತಾರೆ. ಆ ಕುರ್ಚಿ ತನಗೆ ಬರುತ್ತೆ ಅಂತ ಕಾದು ಕೂತವನನ್ನ ಯಾರೂ ನೋಡಲ್ಲ.

---

ಸುಮ್ನೆ ಓದುವವ · ಮಂಗಳವಾರ, ರಾತ್ರಿ 9:40

ರೆನೋ ವಿಷಯ ನೀವೇ ಹೇಳಿದ್ದಕ್ಕೆ ಧನ್ಯವಾದ. 😄 ಹಾಗಾದ್ರೆ ಇದನ್ನ ಹೇಳಿ. 2024ರ ಜನವರಿಯಲ್ಲಿ ಹಾಸ್ ಟೀಮಿನ ಬಾಸ್ ಗುಂಟರ್ ಸ್ಟೈನರ್ ಹೋದರು. ಟಿವಿಯಿಂದ ಇಡೀ ಜಗತ್ತಿಗೆ ಗೊತ್ತಿದ್ದ ಮುಖ. ಟೀಮ್ ಕುಸಿಯಬೇಕಿತ್ತಲ್ಲ? 2023ರಲ್ಲಿ 12 ಪಾಯಿಂಟ್, ಕೊನೆಯ ಸ್ಥಾನ. 2024ರಲ್ಲಿ 58 ಪಾಯಿಂಟ್, ಏಳನೇ ಸ್ಥಾನ.

---

ಹಳೇ ವಾಯುಪಡೆ · ಬುಧವಾರ, ಬೆಳಿಗ್ಗೆ 5:50

ನಾನು ಬೀದರ್ ಏರ್‌ಫೋರ್ಸ್ ಸ್ಟೇಷನ್ನಿನಲ್ಲಿ ಏರ್‌ಫ್ರೇಮ್ ಕೆಲಸ ಮಾಡಿ ನಿವೃತ್ತನಾದವನು. ಇಲ್ಲಿ ಹಾಕ್ ವಿಮಾನದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಾರೆ. ನಿಮ್ಮ ಚರ್ಚೆ ಓದಿ ಒಂದು ಮಾತು ಹೇಳಬೇಕು ಅನ್ನಿಸಿತು.

ನಮ್ಮಲ್ಲಿ ಎಲ್ಲರೂ ಹೋಗುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಪೋಸ್ಟಿಂಗ್ ಬರುತ್ತದೆ. ಎಷ್ಟೇ ಒಳ್ಳೆ ಕೈ ಇರಲಿ, ಒಂದು ದಿನ ಟ್ರಂಕ್ ಕಟ್ಟುತ್ತಾನೆ. ಆದರೂ ಹ್ಯಾಂಗರ್ ಬಣಗುಡುವುದಿಲ್ಲ. ಯಾಕೆ? ಹೋಗುವುದು ಮೊದಲೇ ಗೊತ್ತಿರುತ್ತದೆ. ಹೋಗುವವನು ಬರುವವನ ಪಕ್ಕ ನಿಂತು ಕೆಲಸ ಒಪ್ಪಿಸುತ್ತಾನೆ. ಮತ್ತು ಎಲ್ಲ ಬರಹದಲ್ಲಿ ಇರುತ್ತದೆ. ಫಾರ್ಮ್ 700 ಎಂದು ಒಂದು ಪುಸ್ತಕ. ಯಾವ ವಿಮಾನದ ಮೇಲೆ ಯಾರು ಏನು ಕೆಲಸ ಮಾಡಿದರು, ಸಹಿ ಸಮೇತ. ಪೈಲಟ್ ಅದಕ್ಕೆ ಸಹಿ ಹಾಕದೆ ವಿಮಾನ ಹತ್ತುವಂತಿಲ್ಲ. ನಾನು ಸತ್ತರೂ ನನ್ನ ಕೆಲಸ ಅಲ್ಲಿ ಬರೆದಿರುತ್ತದೆ.

ಮಗನೇ, ನಿನ್ನ ಟೀಮಿನಲ್ಲಿ ಕೊನೆಯ ವರ್ಷದವರು ಪ್ರತಿ ವರ್ಷ ಹೋಗುತ್ತಾರಲ್ಲ, ಆಗ ಯಾರೂ ಅಳುವುದಿಲ್ಲ. ಈಗ ಯಾಕೆ ಅಳು? ಹೋದದ್ದಕ್ಕಲ್ಲ, ಹೇಳದೆ ಹೋದದ್ದಕ್ಕೆ. ಆ ಹುಡುಗ ಏನಾದರೂ ಬರೆದಿಟ್ಟಿದ್ದಾನಾ?

---

ಬಿಸಿಲ ನಾಡು · ಬುಧವಾರ, ಬೆಳಿಗ್ಗೆ 8:30

ಕಾಕಾ, ಇಲ್ಲ. ಡ್ರಾಯಿಂಗ್ ಅವನ ಲ್ಯಾಪ್‌ಟಾಪ್‌ನಲ್ಲಿ. ನಕಲ್ (ಚಕ್ರವನ್ನ ಎ-ಆರ್ಮ್ ಅನ್ನೋ ಸಸ್ಪೆನ್ಷನ್ ತೋಳುಗಳಿಗೆ ಸೇರಿಸೋ ತುಂಡು) ಬೇರಿಂಗ್ ಫಿಟ್ ಎಷ್ಟು ಇಡಬೇಕು, ಎ-ಆರ್ಮ್ ಬೋಲ್ಟ್ ಎಷ್ಟು ಬಿಗಿ ಮಾಡಬೇಕು, ಕ್ಯಾಂಬರ್‌ಗೆ (ಚಕ್ರದ ಓರೆಗೆ) ಎಷ್ಟು ವಾಷರ್, ಎಲ್ಲ ಅವನ ತಲೆಯಲ್ಲಿ. ಒಂದು ಡೈರಿ ಇತ್ತು, ಅದನ್ನೂ ತಗೊಂಡು ಹೋಗಿದ್ದಾನೆ. ಎಫ್1ನಲ್ಲಿ ಬಿಟ್ಟವರು ತಕ್ಷಣ ಬೇರೆ ಟೀಮಿಗೆ ಸೇರದಂಗೆ ತಿಂಗಳುಗಟ್ಟಲೆ ಗಾರ್ಡನಿಂಗ್ ಲೀವ್ ಅಂತ ಮನೆಯಲ್ಲಿ ಕೂರಿಸ್ತಾರಂತೆ, ನಮಗೆ ಆ ಭಾಗ್ಯವೂ ಇಲ್ಲ.

---

ತೊಗರಿಬೇಳೆ · ಬುಧವಾರ, ಬೆಳಿಗ್ಗೆ 8:44

ಗಾರ್ಡನಿಂಗ್ ಲೀವ್ ಇದ್ದವರನ್ನ ಇಲ್ಲಿಗೆ ಕಳಿಸಿ. ತೊಗರಿಗೆ ನೆಟೆ ರೋಗ ಬಂದಿದೆ, ನೋಡ್ಲಿ ಬಂದು.

---

ಭೀಮಾ ತೀರ · ಬುಧವಾರ, ರಾತ್ರಿ 10:05

ನಾನು ಯಾದಗಿರಿಯವಳು, ಈಗ ಬೆಂಗಳೂರಿನಲ್ಲಿ ಕೆಲಸ. ಎರಡು ದಿನದಿಂದ ಓದ್ತಿದ್ದೀನಿ. ಬರೀಬೇಕಾ ಬೇಡ್ವಾ ಅಂತ ಯೋಚನೆ ಮಾಡಿ ಬರೀತಿದ್ದೀನಿ. ಯಾಕಂದ್ರೆ ನಿಮ್ಮ ಕಥೆಯಲ್ಲಿ ನಾನು ಆ ಬಿಟ್ಟು ಹೋದವಳು.

ಏಳು ವರ್ಷದ ಹಿಂದೆ ಇಂಥದ್ದೇ ಒಂದು ಟೀಮಿನಲ್ಲಿ ಬ್ರೇಕ್ ವಿಭಾಗ ನೋಡ್ತಿದ್ದೆ. ಬಾಹಾದಲ್ಲಿ ಬ್ರೇಕ್ ಟೆಸ್ಟ್ ಅಂದ್ರೆ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಬೇಕು, ಇಲ್ಲಾಂದ್ರೆ ಓಟಕ್ಕೇ ಬಿಡಲ್ಲ. ಆ ಕೆಲಸ ನನ್ನದು. ಬ್ರೇಕಿನ ಮಾಸ್ಟರ್ ಸಿಲಿಂಡರ್ ಹಳೆಯದು, ಬದಲಾಯಿಸಬೇಕು ಅಂತ ಮೀಟಿಂಗಿನಲ್ಲಿ ಮೂರು ಸಲ ಹೇಳಿದೆ. ದುಡ್ಡಿಲ್ಲ ಅಂದರು. ಅದೇ ವಾರ ಟೀಮ್ ಟೀ-ಶರ್ಟಿಗೆ ದುಡ್ಡು ಇತ್ತು. ನಾಲ್ಕನೇ ಸಲ ನಾನು ಹೇಳಲಿಲ್ಲ. ಮನೆಯಲ್ಲಿ ಪರೀಕ್ಷೆ ಅಂತ ಹೇಳಿ ಟೀಮ್ ಬಿಟ್ಟೆ. ಪರೀಕ್ಷೆ ಸುಳ್ಳು.

ಅವತ್ತು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪಿನಿಂದ ನನ್ನ ತೆಗೆದರು. ಎರಡೂವರೆ ವರ್ಷ ಆ ಗ್ರೂಪಿನಲ್ಲಿದ್ದೆ. ಯಾಕೆ ಬಿಟ್ಟೆ ಅಂತ ಒಬ್ಬರೂ ಫೋನ್ ಮಾಡಲಿಲ್ಲ. ಮಾಡಿದ್ರೆ ಹೇಳ್ತಿದ್ದೆ. ವಾಪಸ್ಸೂ ಬರ್ತಿದ್ದೆನೋ ಏನೋ. ಆಮೇಲೆ ಕೇಳಿದೆ, ನಾನು 'ಮೋಸ ಮಾಡಿದೆ' ಅಂತ ಕ್ಯಾಪ್ಟನ್ ಎಲ್ಲರಿಗೂ ಹೇಳಿದನಂತೆ. ಜೂನಿಯರ್‌ಗಳಿಗೆ ಅದರಿಂದ ಹುರುಪು ಬರಲಿಲ್ಲ. ನಾಳೆ ನಾವು ಬಿಟ್ಟರೆ ನಮ್ಮ ಬಗ್ಗೆಯೂ ಹೀಗೇ ಮಾತಾಡ್ತಾರೆ ಅಂತ ಅವರಿಗೆ ಅರ್ಥ ಆಯ್ತು.

ಬಿಸಿಲ ನಾಡು, ಒಂದು ಕೇಳ್ತೀನಿ, ಬೇಜಾರಾಗಬೇಡ. ಅವನು ಹೋಗೋ ಮೊದಲು ಏನಾದ್ರೂ ಹೇಳಿದ್ನಾ?

---

ಬಿಸಿಲ ನಾಡು · ಬುಧವಾರ, ರಾತ್ರಿ 10:22

ಅಕ್ಕಾ, ಅಂಥದ್ದೇನೂ ಇಲ್ಲ. ಎಲ್ಲರೂ ಚೆನ್ನಾಗೇ ಇದ್ವಿ.

---

ಬೀದರ್ ಬಾಕ್ಸ್ ಬಾಕ್ಸ್ · ಬುಧವಾರ, ರಾತ್ರಿ 11:10

ಅಕ್ಕನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಸುಮ್ನೆ ಓದುವವರ ಹಾಸ್ ಪ್ರಶ್ನೆಗೆ ಉತ್ತರ ಕೊಡ್ತೀನಿ. ಸ್ಟೈನರ್ ಜಾಗಕ್ಕೆ ಬಂದ ಅಯಾವೊ ಕೊಮಾತ್ಸು ಹೊರಗಿನವರಲ್ಲ. ಅದೇ ಟೀಮಿನ ಎಂಜಿನಿಯರ್, 2016ರಿಂದ ಅಲ್ಲೇ ಇದ್ದವರು. ಎಲ್ಲಿ ಏನು ಕೆಟ್ಟಿದೆ ಅಂತ ಹುಡುಗರಿಗೆ ಗೊತ್ತಿದ್ದದ್ದು ಅವರಿಗೂ ಗೊತ್ತಿತ್ತು. ಮೆಕ್‌ಲಾರೆನ್ ಕೂಡ ಹಾಗೇ. ಆಂಡ್ರಿಯಾ ಸ್ಟೆಲ್ಲಾ ರೇಸ್ ಎಂಜಿನಿಯರ್ ಕೆಲಸದಿಂದ ಮೇಲೆ ಬಂದವರು. ಬಾಸ್ ಆದ ಕೆಲವೇ ತಿಂಗಳಿಗೆ, 2023ರ ಮಾರ್ಚ್‌ನಲ್ಲಿ, ಟೆಕ್ನಿಕಲ್ ಡೈರೆಕ್ಟರ್ ಜೇಮ್ಸ್ ಕೀ ಹೋದರು. ಒಬ್ಬರ ಕುರ್ಚಿಯನ್ನ ಮೂವರಿಗೆ ಹಂಚಿದರು. ಆ ಮೂವರಲ್ಲಿ ಫೆರಾರಿಯಿಂದ ಬಂದ ಡೇವಿಡ್ ಸಾಂಚೆಜ್ 2024ರಲ್ಲಿ ಮೂರೇ ತಿಂಗಳಿಗೆ ಬಿಟ್ಟು ಹೋದರು. ಅದೇ ವರ್ಷ ಮೆಕ್‌ಲಾರೆನ್ ಟೀಮ್ ಚಾಂಪಿಯನ್, 1998ರ ನಂತರ ಮೊದಲ ಸಲ! ಅಂದ್ರೆ ದೊಡ್ಡ ಹೆಸರು ಹೋದ್ರೂ ಅಲುಗಾಡಲಿಲ್ಲ.

ರೆಡ್ ಬುಲ್‌ಗೇ ಮತ್ತೆ ಬರ್ತೀನಿ. 2025ರ ಜುಲೈ 9ಕ್ಕೆ ಬಾಸ್ ಹಾರ್ನರ್ ಅವರನ್ನ ತೆಗೆದರು. 2005ರಿಂದ, ಟೀಮ್ ಹುಟ್ಟಿದಾಗಿನಿಂದ ಅವರೇ ಬಾಸ್. ಎಲ್ಲರೂ 'ಮುಗೀತು' ಅಂದ್ವಿ. ನಾನೂ ಅಂದೆ. ಎಂಜಿನಿಯರ್ ಲೊರಾಂ ಮೆಕೀಸ್ ಬಂದರು. ನೆದರ್ಲೆಂಡ್ಸ್ ರೇಸ್ ಮುಗಿದಾಗ ವೆರ್‌ಸ್ಟಾಪನ್ ಮೊದಲ ಸ್ಥಾನದವನಿಗಿಂತ 104 ಪಾಯಿಂಟ್ ಹಿಂದೆ. ಕೊನೆಗೆ ಮೆಕ್‌ಲಾರೆನ್‌ನ ನೋರಿಸ್‌ಗೆ ಸೋತದ್ದು ಎಷ್ಟರಿಂದ? ಎರಡು! ಇಟಲಿಯಿಂದ ಅಬುಧಾಬಿವರೆಗೆ ಆರು ರೇಸ್ ಗೆದ್ದ. ಗಾಡಿಗೆ ಹೊಸ ಫ್ಲೋರ್ (ತಳಭಾಗ) ಬಂದಿತ್ತು, ಅದೂ ಕಾರಣ, ಒಪ್ತೀನಿ. ಆದರೆ ಕೆಲವರು ಹೋದಾಗ ಮನೆಯಲ್ಲಿ ದೀಪ ಆರುತ್ತೆ, ಕೆಲವರು ಹೋದಾಗ ಕಿಟಕಿ ತೆಗೆದಂಗೆ ಆಗುತ್ತೆ. ಯಾವುದು ಯಾವಾಗ ಅಂತ ಮೊದಲೇ ಹೇಳೋಕೆ ನನಗಂತೂ ಬರಲ್ಲ.

---

ಸುಮ್ನೆ ಓದುವವ · ಗುರುವಾರ, ಬೆಳಿಗ್ಗೆ 6:58

ಫೋರ್ಸ್ ಇಂಡಿಯಾ ಅನ್ನೋ ಎಫ್1 ಟೀಮ್ ಬಗ್ಗೆ ಯಾರೂ ಮಾತಾಡಿಲ್ಲ. ಕರ್ನಾಟಕದವರ ಟೀಮ್, ನಮ್ಮ ವೇದಿಕೆ, ನಾಚಿಕೆ ಆಗಬೇಕು. ವಿಜಯ್ ಮಲ್ಯ ಒಡೆತನದಲ್ಲಿ 2016 ಮತ್ತು 2017ರಲ್ಲಿ ನಾಲ್ಕನೇ ಸ್ಥಾನ. 2018ರ ಜುಲೈನಲ್ಲಿ ದುಡ್ಡಿಲ್ಲದೆ ಟೀಮ್ ಅಡ್ಮಿನಿಸ್ಟ್ರೇಷನ್‌ಗೆ (ದಿವಾಳಿ ಪ್ರಕ್ರಿಯೆಗೆ) ಹೋಯ್ತು. 405 ಜನರ ಕೆಲಸ ತೂಗುಯ್ಯಾಲೆಯಲ್ಲಿ. ಹೊಸ ಮಾಲೀಕರು ಕೊಂಡರು. ಮುಂದೆ ಬೆಲ್ಜಿಯಂ ರೇಸಿನಲ್ಲಿ ಡ್ರೈವರ್‌ಗಳಾದ ಪೆರೆಜ್, ಓಕಾನ್ ಇಬ್ಬರೂ ಎರಡನೇ ಸಾಲಿನಿಂದ ಹೊರಟು ಐದು, ಆರನೇ ಸ್ಥಾನದಲ್ಲಿ ಮುಗಿಸಿದರು. ಮಾಲೀಕ ಹೋದರೂ ಮೆಕಾನಿಕ್‌ಗಳು ಇದ್ದರು.

ಹಾಂ, ಗೊತ್ತು. ಇದು ನಾನು ಮೊದಲು ಹೇಳಿದ್ದಕ್ಕೆ ಉಲ್ಟಾ ಆಯ್ತು. ಆಗ್ಲಿ.

---

ಸೇಡಂ ರೋಡ್ ಗ್ಯಾರೇಜ್ · ಗುರುವಾರ, ಮಧ್ಯಾಹ್ನ 1:50

ನಿನ್ನೆ ನಮ್ಮ ಅಂಗಡಿ ಎದುರು ತಹರಿ ತಿನ್ನೋಕೆ ಕಾಲೇಜು ಹುಡುಗರು ನಾಲ್ಕು ಜನ ಬಂದಿದ್ದರು. ಬೆನ್ನ ಮೇಲೆ ಟೀಮ್ ಹೆಸರಿನ ಟೀ-ಶರ್ಟ್. ನಿಮ್ಮವರೇ ಇರಬೇಕು. ಅವರು ಮಾತಾಡ್ತಿದ್ದದ್ದು ಹೋದ ಹುಡುಗನ ಬಗ್ಗೆ ಅಲ್ಲ ತಮ್ಮಾ. 'ಹೋದ ವರ್ಷದ ನಕಲ್‌ನೇ ಹಾಕ್ತಾರಂತೆ, ಮತ್ತೆ ಒಡೆಯುತ್ತೆ, ನಾವ್ಯಾಕೆ ನಿದ್ದೆ ಕೆಡಬೇಕು' ಅಂತಿದ್ದರು. ನಾನು ಕೇಳಿಸಿಕೊಂಡಿದ್ದು ಇಷ್ಟೇ. ಹೇಳಬೇಕಾ ಬೇಡ್ವಾ ಗೊತ್ತಾಗಲಿಲ್ಲ, ಹೇಳಿದೆ.

---

ಬಿಸಿಲ ನಾಡು · ಗುರುವಾರ, ರಾತ್ರಿ 12:40

ಅಕ್ಕಾ, ನಿನ್ನೆ ನಾನು ಸುಳ್ಳು ಹೇಳಿದೆ.

ಹೋದ ವರ್ಷ ಎಂಡ್ಯೂರೆನ್ಸ್‌ನಲ್ಲಿ ಎರಡನೇ ಗಂಟೆಗೆ ನಮ್ಮ ಮುಂದಿನ ಬಲಗಡೆ ನಕಲ್ ಬಿರುಕು ಬಿಟ್ಟು ಚಕ್ರ ಮಲಗಿತು. ನಮ್ಮ ನಕಲ್ ಅಲ್ಯುಮಿನಿಯಂದು. ಈ ವರ್ಷ ನಾಲ್ಕನ್ನೂ ಹೊಸದಾಗಿ, ದಪ್ಪ ಇಟ್ಟು ಮಾಡಿಸೋಣ ಅಂತ ಅವನು ಹೇಳಿದ್ದ. ಡ್ರಾಯಿಂಗ್ ಮಾಡಿ ರಾತ್ರಿಯೆಲ್ಲ ಕೂತಿದ್ದ. ಕಟಿಂಗ್‌ಗೆ ಹೈದರಾಬಾದ್‌ನಿಂದ ರೇಟ್ ತರಿಸಿದ್ದ. ಜಾಸ್ತಿ ಆಯ್ತು, ಒಡೆದದ್ದು ಒಂದೇ ಅಲ್ವಾ, ಅದೊಂದು ಮಾಡಿಸಿದ್ರೆ ಸಾಕು ಅಂದೆ. ಎಲ್ಲರ ಮುಂದೆ ಅಂದೆ. ನಗುತ್ತಾ ಅಂದೆ. ಅವನು ಡೈರಿ ಮುಚ್ಚಿದ. ಅವತ್ತಿನಿಂದ ಮೀಟಿಂಗಿನಲ್ಲಿ ಅವನು ಮಾತಾಡಿಲ್ಲ. ನಾನು ಅದನ್ನ ಒಪ್ಪಿಗೆ ಅಂದ್ಕೊಂಡೆ.

ನಮ್ಮ ಟೀಮಿಗೂ ಟೀ-ಶರ್ಟ್ ಬಂದಿದೆ ಅಕ್ಕಾ.

---

ಭೀಮಾ ತೀರ · ಶುಕ್ರವಾರ, ಬೆಳಿಗ್ಗೆ 6:15

ಬರೆದದ್ದು ಒಳ್ಳೆಯದಾಯ್ತು. ಈಗ ಫೋನ್ ಮಾಡು. ವಾಪಸ್ ಬಾ ಅನ್ನಬೇಡ, ಅವನಿಗೆ ಪುಣೆ ಬೇಕು, ಅದು ಅವನ ಬದುಕು. ಡೈರಿ ಕೊಡು ಅಂತಲೂ ಮೊದಲ ಮಾತಿಗೇ ಕೇಳಬೇಡ. ನಕಲ್ ವಿಷಯದಲ್ಲಿ ನೀನು ಹೇಳಿದ್ದು ಸರಿ ಇತ್ತು ಅನ್ನು. ಅಷ್ಟು ಸಾಕು. ಏಳು ವರ್ಷ ಆಯ್ತು, ಮಾಸ್ಟರ್ ಸಿಲಿಂಡರ್ ಬಗ್ಗೆ ನನಗೆ ಯಾರೂ ಅದನ್ನ ಹೇಳಿಲ್ಲ.

---

ಹಳೇ ವಾಯುಪಡೆ · ಶುಕ್ರವಾರ, ಬೆಳಿಗ್ಗೆ 6:30

ಮತ್ತು ಒಂದು ದಪ್ಪ ರಿಜಿಸ್ಟರ್ ತೆಗೆದುಕೋ. ಅಂಗಡಿಯಲ್ಲಿ ಸಿಗುವ ಉದ್ದ ಹಾಜರಿ ಪುಸ್ತಕವೇ ಸಾಕು. ಎಡಗಡೆ ಏನು ಮಾಡಿದೆವು, ಬಲಗಡೆ ಯಾರು ಮಾಡಿದರು, ಯಾರು ನೋಡಿದರು. ಮಾಡಿದವನೂ ನೋಡಿದವನೂ ಒಬ್ಬನೇ ಆಗಬಾರದು. ಕ್ಯಾಪ್ಟನ್ನೂ ಸಹಿ ಹಾಕಬೇಕು.

---

ಬಿಸಿಲ ನಾಡು · ಮುಂದಿನ ಮಂಗಳವಾರ, ರಾತ್ರಿ 11:35

ಭಾನುವಾರ ಫೋನ್ ಮಾಡಿದೆ. ಮೊದಲ ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದ. ಅಕ್ಕ ಹೇಳಿದಂಗೇ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ 'ಊಟ ಆಯ್ತೇನು' ಅಂದ. ನಮ್ಮ ಗೈಡ್ ಸರ್‌ಗೆ ಮೊದಲು ಹೇಳಿದ್ದು ಯಾಕೆ ಅಂದ್ರೆ, ನಂಗೆ ಹೇಳೋಕೆ ಅವನಿಗೆ ಧೈರ್ಯ ಬರಲಿಲ್ಲವಂತೆ. ನಾನು ನಗ್ತೀನಿ ಅಂತ.

ನಿನ್ನೆ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿದೆ. ಇದು ಕಷ್ಟ ಆಯ್ತು, ಸುಳ್ಳು ಯಾಕೆ ಹೇಳಲಿ. ಟೀ-ಶರ್ಟ್ ದುಡ್ಡು ವಾಪಸ್ ಬರೋದಿಲ್ಲ. ಆದರೆ ಪೀಥಂಪುರಕ್ಕೆ ಹೋಗೋಕೆ ಮಾತಾಡಿದ್ದ ಬಸ್ ಬಿಟ್ಟು ರೈಲಿನ ಸ್ಲೀಪರ್‌ನಲ್ಲಿ ಹೋದರೆ ಎರಡು ನಕಲ್ ದುಡ್ಡು ಹುಟ್ಟುತ್ತೆ. ಮುಂದಿನ ಎರಡೂ ಹೊಸದು, ಹಿಂದಿನದು ಹಳೆಯದೇ. ಸಸ್ಪೆನ್ಷನ್‌ಗೆ ಎರಡನೇ ವರ್ಷದ ಒಬ್ಬ ಹುಡುಗಿಯನ್ನ ಹೆಡ್ ಮಾಡಿದ್ವಿ. ಬೇರಿಂಗ್ ಫಿಟ್ ವಿಷಯದಲ್ಲಿ ಅವಳು ಮೊದಲ ದಿನವೇ ನಂಗೆ 'ಅಣ್ಣಾ, ನೀವು ಹೇಳ್ತಿರೋದು ತಪ್ಪು' ಅಂದಳು. ನಂಗೆ ಉರೀತು. ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಿದೆ ಕಾಕಾ.

ಪುಣೆಯವನು ರಾತ್ರಿ ವಿಡಿಯೋ ಕಾಲ್‌ನಲ್ಲಿ ಡೈರಿಯ ಪುಟ ತೋರಿಸ್ತಾನೆ, ಜೂನಿಯರ್‌ಗಳು ಬರ್ಕೋತಾರೆ. ಇವತ್ತು 14 ಜನ ಬಂದಿದ್ದರು. ವೆಲ್ಡಿಂಗ್ ಹುಡುಗ ಇನ್ನೂ ಬಂದಿಲ್ಲ.

ಗ್ಯಾರೇಜ್ ಅಣ್ಣಾ, ನಿಮ್ಮಲ್ಲಿ ಹೈಡ್ರಾಲಿಕ್ ಪ್ರೆಸ್ ಇದೆಯಾ? ಹಳೇ ನಕಲ್‌ನಿಂದ ಬೇರಿಂಗ್ ತೆಗೀಬೇಕು, ನಮ್ಮ ಹುಡುಗರು ಸುತ್ತಿಗೆ ಹಿಡ್ಕೊಂಡು ನಿಂತಿದ್ದಾರೆ.

---

ಸೇಡಂ ರೋಡ್ ಗ್ಯಾರೇಜ್ · ಮಂಗಳವಾರ, ರಾತ್ರಿ 11:41

ಸುತ್ತಿಗೆ ಕೆಳಗಿಡೋಕೆ ಹೇಳು ಮೊದಲು! ಪ್ರೆಸ್ ಇದೆ. ಗುರುವಾರ ಸಂಜೆ ಬನ್ನಿ, ದುಡ್ಡು ಬೇಡ. ಆ ಹುಡುಗಿಯನ್ನೂ ಕರ್ಕೊಂಡು ಬಾ, ಹ್ಯಾಂಡಲ್ ಅವಳ ಕೈಗೇ ಕೊಡ್ತೀನಿ. ವೆಲ್ಡಿಂಗ್ ಹುಡುಗನ ಮನೆ ಯಾವ ಕಡೆ? ಬರೋ ದಾರಿಯಲ್ಲೇ ಇದ್ರೆ ಅವನನ್ನೂ ಗಾಡಿಗೆ ಹತ್ತಿಸ್ಕೊಂಡು ಬನ್ನಿ. ನನಗೊಂದು ಬುಲೆಟ್ ಸೈಲೆನ್ಸರ್ ವೆಲ್ಡ್ ಆಗಬೇಕು.